ಕೊಳಚೆ ನೀರಿಗೆ ಹೆಪ್ಪು ಹಾಕುವವರು

ಬೆಂಗಳೂರು ಸ್ನಾನ ಮುಗಿಸಿ ಆಫೀಸಿಗೆ ಹೊರಡುತ್ತದೆ. ಬಚ್ಚಲಿನ ನೀರು, ಪಾತ್ರೆ ತೊಳೆದ ನೀರು, ಕಕ್ಕಸಿನ ನೀರು ಎಲ್ಲವೂ ನೆಲದಡಿಯ ಕೊಳವೆಗಳಲ್ಲಿ ಹರಿದು, ಸ್ವಲ್ಪ ಹೊತ್ತಿನ ನಂತರ ಕೋರಮಂಗಲ–ಚಲ್ಲಘಟ್ಟ ಕಣಿವೆಯಂಥ ಕಡೆಗಳ ಸಂಸ್ಕರಣಾ ಘಟಕಗಳ ಬಾಗಿಲಿಗೆ ಬರುತ್ತವೆ. ಅಲ್ಲಿನ ಬಿರುಸು ಆಗ ಶುರು. ನಡುರಾತ್ರಿ ಕಳೆದ ಮೇಲೆ ಹರಿವು ಇಳಿಯುತ್ತದೆ, ಬೆಳಗಾದರೆ ಮತ್ತೆ ಏರುತ್ತದೆ. ಹಬ್ಬ ಬಂದರೆ ಎಣ್ಣೆ ಜಿಡ್ಡು ಹೆಚ್ಚು. ಮಳೆ ಬಂದರೆ ಕೇಳುವುದೇ ಬೇಡ; ಒಳಚರಂಡಿಗೆ ಸೇರಬಾರದ ಮಳೆನೀರು ಸೇರಿಕೊಂಡು ಹರಿವು ಉಕ್ಕುತ್ತದೆ.

ಎಸ್‌ಟಿಪಿ, ಅಂದರೆ ಕೊಳಚೆ ನೀರಿನ ಸಂಸ್ಕರಣಾ ಘಟಕ, ನಡೆಸುವವರ ಪಾಡು ಇದು. ಒಳಗೆ ಏನು ಬರುತ್ತದೆ, ಎಷ್ಟು ಬರುತ್ತದೆ ಎಂಬುದರ ಮೇಲೆ ಅವರಿಗೆ ಹಿಡಿತವಿಲ್ಲ. ಹೊರಗೆ ಹೋಗುವ ನೀರಿಗೆ ಮಾತ್ರ ಅವರೇ ಜವಾಬ್ದಾರರು. ಹೋಟೆಲಿನ ಜಿಡ್ಡಿಗೂ, ಯಾವನೋ ಟ್ಯಾಂಕರಿನವನು ಕತ್ತಲಲ್ಲಿ ಮ್ಯಾನ್‌ಹೋಲಿಗೆ ಸುರಿದು ಹೋದ ಕಾರ್ಖಾನೆಯ ರಾಸಾಯನಿಕಕ್ಕೂ ಅವರೇ ಉತ್ತರ ಹೇಳಬೇಕು.

ಕೆಲಸದ ಕ್ರಮ ವಿವರಿಸುವುದು ಸುಲಭ. ಮೊದಲು ಸರಳುಗಳ ಜಾಲರಿ: ಪ್ಲಾಸ್ಟಿಕ್, ಬಟ್ಟೆ, ಕೂದಲು ಅಲ್ಲಿ ಸಿಕ್ಕಿಬೀಳುತ್ತವೆ. ಆಮೇಲೆ ಮರಳು ಕೂರುವ ತೊಟ್ಟಿ, ಅದರಾಚೆ ಗಾಳಿ ಊದುವ ದೊಡ್ಡ ತೊಟ್ಟಿ. ಘಟಕದ ಜೀವ ಇರುವುದು ಇಲ್ಲೇ. ಕೋಟ್ಯಂತರ ಸೂಕ್ಷ್ಮಜೀವಿಗಳು ಕೊಳೆಯನ್ನು ತಿಂದು, ಬೆಳೆದು, ಕಂದು ಬಣ್ಣದ ಚಕ್ಕೆಗಳಾಗುತ್ತವೆ. ಮುಂದಿನ ದುಂಡು ತೊಟ್ಟಿಯಲ್ಲಿ, ಅಂದರೆ ಕ್ಲಾರಿಫೈಯರ್‌ನಲ್ಲಿ, ಆ ಚಕ್ಕೆಗಳು ತಳ ಸೇರುತ್ತವೆ. ತಿಳಿನೀರು ಮೇಲಿನಿಂದ ಹೊರಬೀಳುತ್ತದೆ. ತಳದ ಸ್ಲಡ್ಜನ್ನು ಪೂರ್ತಿ ಎಸೆಯುವುದಿಲ್ಲ. ಇವತ್ತಿನ ಮೊಸರಲ್ಲಿ ಒಂದಿಷ್ಟನ್ನು ನಾಳೆಯ ಹೆಪ್ಪಿಗೆ ಎತ್ತಿಡುವ ಹಾಗೆ, ಬಹುಪಾಲನ್ನು ಮತ್ತೆ ಗಾಳಿ ತೊಟ್ಟಿಗೇ ಪಂಪ್ ಮಾಡುತ್ತಾರೆ. ಎಷ್ಟನ್ನು ಹಿಂದಿರುಗಿಸಬೇಕು, ಎಷ್ಟನ್ನು ಹೊರಹಾಕಬೇಕು? ದಿನವೂ ಎದುರಾಗುವ ಈ ಪ್ರಶ್ನೆಗೆ ಸಿಗುವ ಉತ್ತರದ ಮೇಲೆ ಉಳಿದದ್ದೆಲ್ಲ ನಿಂತಿದೆ.

ಸ್ಲಡ್ಜನ್ನೇ ಹೆಪ್ಪಾಗಿ ಬಳಸುವ ಈ ವಿದ್ಯೆ 1914ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ಹೊರಬಂತು. ಎಡ್ವರ್ಡ್ ಆರ್ಡರ್ನ್ ಮತ್ತು ವಿಲಿಯಂ ಲಾಕೆಟ್ ಎಂಬ ರಸಾಯನ ತಜ್ಞರು, ಗಿಲ್ಬರ್ಟ್ ಫೌಲರ್ ಸೂಚಿಸಿದ ಜಾಡು ಹಿಡಿದು ಇದನ್ನು ಸಾಧಿಸಿ ತೋರಿಸಿದರು. ಆ ಫೌಲರ್ ಎರಡೇ ವರ್ಷಕ್ಕೆ, 1916ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಪ್ರಾಧ್ಯಾಪಕರಾಗಿ ಬಂದರು ಎಂಬುದು ಈ ಊರಿನವರಿಗೇ ಹೆಚ್ಚು ಗೊತ್ತಿಲ್ಲ. ಆ ಸಂಸ್ಥೆಯ ಚರಿತ್ರೆಯಲ್ಲಿ ಕೊಳಚೆ ನೀರಿಗೂ ಒಂದು ಅಧ್ಯಾಯವಿದೆ.

ತೊಟ್ಟಿಯ ಆರೋಗ್ಯ ನೋಡುವ ಪರೀಕ್ಷೆಗೆ ದುಬಾರಿ ಯಂತ್ರವೇನೂ ಬೇಕಿಲ್ಲ. ಆಪರೇಟರ್ ಗಾಳಿ ತೊಟ್ಟಿಯಿಂದ ಬಕೆಟ್ಟಿನಲ್ಲಿ ನೀರೆತ್ತಿ, ಒಂದು ಲೀಟರಿನ ಗೆರೆ ಹಾಕಿದ ಗಾಜಿನ ಜಾಡಿಗೆ ಸುರಿದು ಮೂವತ್ತು ನಿಮಿಷ ಅಲುಗಾಡಿಸದೆ ಇಡುತ್ತಾನೆ. ಚಕ್ಕೆಗಳು ಒಂದನ್ನೊಂದು ಹಿಡಿದುಕೊಂಡು ನಿಧಾನಕ್ಕೆ ಇಳಿದು, 250–300 ಮಿಲಿಲೀಟರಿನ ಆಸುಪಾಸಿನಲ್ಲಿ ನಿಂತು, ಮೇಲಿನ ನೀರು ತಿಳಿಯಾಗಿದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ. ಏಳುನೂರರಲ್ಲೇ ಉಬ್ಬಿಕೊಂಡು ನಿಂತರೆ ಸ್ಲಡ್ಜ್ ಅತಿಯಾಗಿರಬಹುದು, ಇಲ್ಲವೇ ನೂಲಿನಂಥ ಬ್ಯಾಕ್ಟೀರಿಯಾ ಹೆಚ್ಚಿರಬಹುದು. ಚಕ್ಕೆ ಬೇಗ ಇಳಿದೂ ಮೇಲೆ ಪುಡಿಪುಡಿ ತೇಲುತ್ತಿದ್ದರೆ ಸ್ಲಡ್ಜ್‌ಗೆ ವಯಸ್ಸಾಗಿದೆ. ಚೆನ್ನಾಗಿ ಕೂತದ್ದು ಒಂದೆರಡು ಗಂಟೆಯಲ್ಲಿ ಮುದ್ದೆಯಾಗಿ ಮೇಲೆದ್ದರೆ, ಆಮ್ಲಜನಕ ಸಿಗದ ಜೀವಿಗಳು ನೈಟ್ರೇಟನ್ನು ಒಡೆದು ನೈಟ್ರೋಜನ್ ಗುಳ್ಳೆ ಬಿಡುತ್ತಿವೆ ಎಂದರ್ಥ. ಕ್ಲಾರಿಫೈಯರ್ ತಳದಲ್ಲಿ ಸ್ಲಡ್ಜನ್ನು ಹೆಚ್ಚು ಹೊತ್ತು ಬಿಟ್ಟಿದ್ದಾರೆ, ಪಂಪಿನ ವೇಗ ಹೆಚ್ಚಿಸಬೇಕು.

ನೊರೆಯೂ ಸುದ್ದಿ ಹೇಳುತ್ತದೆ. ಘಟಕ ಹೊಸದಾಗಿ ಶುರುವಾದಾಗ ಬಿಳಿ ನೊರೆ ಸಹಜ. ಜಿಗುಟಾದ ಕಂದು ನೊರೆ ಬಂದರೆ ಜಿಡ್ಡು ತಿನ್ನುವ ನೂಲು ಬ್ಯಾಕ್ಟೀರಿಯಾಗಳ ಕಾಟ. ಸೂಕ್ಷ್ಮದರ್ಶಕದಲ್ಲಿ ಕಾಂಡವಿರುವ ಗಂಟೆಯಾಕಾರದ ವೋರ್ಟಿಸೆಲ್ಲಾಗಳು ಆಡುತ್ತಿದ್ದರೆ ಕೆಮಿಸ್ಟ್ ನೆಮ್ಮದಿಯಿಂದ ಕಾಫಿ ಕುಡಿಯಬಹುದು. ಇಷ್ಟೆಲ್ಲ ಓದಲು ಬರುವ ಆಪರೇಟರ್, ನೀರಿನಲ್ಲಿ ಉಳಿದ ಕೊಳೆಯನ್ನು ಅಳೆಯುವ ಪ್ರಯೋಗಾಲಯದ ಬಿಒಡಿ ವರದಿ ಬರುವ ಮೊದಲೇ ಕೆಡುಕನ್ನು ಹಿಡಿಯುತ್ತಾನೆ. ಬಿಒಡಿ ಪರೀಕ್ಷೆಗೆ ನಮ್ಮಲ್ಲಿ ಮೂರು ದಿನ ಬೇಕು. ಅಷ್ಟರಲ್ಲಿ ನೀರು ಕೆರೆ ಸೇರಿರುತ್ತದೆ.

ಅದಕ್ಕೇ ಲಾಗ್ ಬುಕ್ಕಿನ ವಿಷಯದಲ್ಲಿ ಅನುಭವಸ್ಥ ಎಂಜಿನಿಯರ್‌ಗಳು ಕಟ್ಟುನಿಟ್ಟು. ಮೂರು ಪಾಳಿಯಲ್ಲೂ, ತಿಂಗಳಿಡೀ, ಜಾಡಿಯ ಅಂಕಿ ‘300’ ಎಂದೇ ಇದ್ದರೆ ಅದು ನೀರಿನ ಅಳತೆಯಲ್ಲ, ಭಯದ ಅಳತೆ. ಕೆಟ್ಟ ಅಂಕಿ ಬರೆದವನಿಗೆ ಬೈಗುಳ ಬಿದ್ದ ಕಡೆ ಒಳ್ಳೆಯ ಅಂಕಿಗಳು ತಾವಾಗಿ ಹುಟ್ಟಿಕೊಳ್ಳುತ್ತವೆ. ಸಿಬ್ಬಂದಿ ನಿರ್ವಹಣೆಯ ಅರ್ಧ ಕಷ್ಟ ಇಲ್ಲೇ ಇದೆ: ‘ಸಾರ್, ನಂಬರ್ ಸರಿಯಿಲ್ಲ’ ಎಂದು ರಾತ್ರಿ ಪಾಳಿಯವನು ಹೆದರದೆ ಫೋನ್ ಮಾಡುವಂತಿರಬೇಕು, ಗಾಳಿ ಊದುವ ಬ್ಲೋಯರ್ ಹೆಚ್ಚಿಸುವ ಅಧಿಕಾರವೂ ಅವನಿಗಿರಬೇಕು.

ಬ್ಲೋಯರ್ ಅಂದರೆ ಕರೆಂಟು, ಕರೆಂಟು ಅಂದರೆ ದುಡ್ಡು. ಇಂಥ ಘಟಕದ ವಿದ್ಯುತ್ತಿನಲ್ಲಿ ಸುಮಾರು ಅರ್ಧದಷ್ಟು ಗಾಳಿ ಊದುವುದಕ್ಕೇ ಹೋಗುತ್ತದೆ. ತೊಟ್ಟಿಯಲ್ಲಿ ಲೀಟರಿಗೆ ಸುಮಾರು 2 ಮಿಲಿಗ್ರಾಂ ಕರಗಿದ ಆಮ್ಲಜನಕ ಇರಬೇಕೆಂಬುದು ರೂಢಿ. ರಾತ್ರಿ ಹರಿವು ಇಳಿದಾಗ ಬ್ಲೋಯರ್ ತಗ್ಗಿಸಿದರೆ ಜಾಣತನ, ಪೂರ್ತಿ ಆರಿಸಿ ಮಲಗಿದರೆ ಅನಾಹುತ. ಇವೆರಡರ ನಡುವೆ ಆಪರೇಟರ್ ಯಾವುದನ್ನು ಆರಿಸುತ್ತಾನೆ ಎಂಬುದಕ್ಕೂ, ಟೆಂಡರಿನಲ್ಲಿ ವಿದ್ಯುತ್ ಬಿಲ್ಲು ಯಾರ ತಲೆಗೆ ಕಟ್ಟಿದೆ ಎಂಬುದಕ್ಕೂ ನಂಟಿದೆ. ಜಲಮಂಡಳಿಗಳು ಘಟಕ ಕಟ್ಟಿದ ಕಂಪನಿಗೇ ಕೆಲವು ವರ್ಷಗಳ ನಿರ್ವಹಣೆಯನ್ನೂ ಒಪ್ಪಿಸುವುದು ಈಗ ಸಾಮಾನ್ಯ. ಮೇಲುಸ್ತುವಾರಿಗೆ ಮಂಡಳಿಯ ಎಂಜಿನಿಯರ್, ಪಾಳಿಯಲ್ಲಿ ಹೊರಗುತ್ತಿಗೆಯ ಹುಡುಗರು. ಐಟಿಐ ಮುಗಿಸಿ ಬಂದವನು ಜಾಡಿಯ ಭಾಷೆ ಕಲಿಯುವಷ್ಟರಲ್ಲಿ, ಎರಡು ಸಾವಿರ ಹೆಚ್ಚು ಸಂಬಳ ಕೊಡುವ ಅಪಾರ್ಟ್‌ಮೆಂಟಿನ ಎಸ್‌ಟಿಪಿಗೆ ಜಿಗಿದರೆ ಅವನನ್ನು ದೂರುವಂತಿಲ್ಲ.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2021ರ ವರದಿಯ ಪ್ರಕಾರ ದೇಶದ ಪಟ್ಟಣಗಳಲ್ಲಿ ದಿನಕ್ಕೆ 72,368 ದಶಲಕ್ಷ ಲೀಟರ್ ಕೊಳಚೆ ನೀರು ಹುಟ್ಟುತ್ತಿತ್ತು. ಕಟ್ಟಿ ನಿಲ್ಲಿಸಿದ ಘಟಕಗಳ ಸಾಮರ್ಥ್ಯ 31,841. ನಿಜಕ್ಕೂ ಸಂಸ್ಕರಣೆಯಾಗುತ್ತಿದ್ದದ್ದು 20,236. ಮೊದಲ ಎರಡು ಅಂಕಿಗಳ ನಡುವಿನ ಕಂದಕದ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಕೊನೆಯ ಎರಡರ ನಡುವಿನದು ಕಡಿಮೆ ಚರ್ಚೆಯಾಗುತ್ತದೆ. ಕೊಳವೆ ಸಂಪರ್ಕ ಸಿಗದಿರುವುದೂ ಅದಕ್ಕೆ ಕಾರಣ, ನಡೆಸಲು ಬರದಿರುವುದೂ ಕಾರಣ. ಶಂಕುಸ್ಥಾಪನೆಗೆ ಮಂತ್ರಿಗಳು ಬರುತ್ತಾರೆ. ಬೇರಿಂಗ್ ಬದಲಿಸುವ ದಿನ ಯಾರೂ ಬರುವುದಿಲ್ಲ.

ನಡೆಸುವುದು ಎಷ್ಟು ಮುಖ್ಯ ಎಂಬುದು ಕೋಲಾರದವರಿಗೆ ಗೊತ್ತು. ಕೆ.ಸಿ. ವ್ಯಾಲಿ (ಕೋರಮಂಗಲ–ಚಲ್ಲಘಟ್ಟ ಕಣಿವೆ) ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು, ದಿನಕ್ಕೆ 440 ದಶಲಕ್ಷ ಲೀಟರ್ ಗುರಿಯೊಂದಿಗೆ, ಆ ಬರಪೀಡಿತ ಜಿಲ್ಲೆಯ ಕೆರೆಗಳಿಗೆ ಹೊರಟಿತು. 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ನೀರು ಬಂದಾಗ ಸಂಭ್ರಮ. ಮರುತಿಂಗಳೇ ನೊರೆ ಕಾಣಿಸಿಕೊಂಡು ಪಂಪ್ ನಿಂತಿತು, ವಿಷಯ ಹೈಕೋರ್ಟಿನಿಂದ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ನೀರು ಮತ್ತೆ ಹರಿಯಿತು, ಬತ್ತಿದ ಕೆರೆಗಳು ತುಂಬಿದವು; ಮೂರನೇ ಹಂತದ ಸಂಸ್ಕರಣೆ ಬೇಕೆಂಬ ರೈತರ ಒತ್ತಾಯ ಮಾತ್ರ ನಿಲ್ಲಲಿಲ್ಲ. ಆ ಒತ್ತಾಯ ನ್ಯಾಯವಾದದ್ದೇ. ಆದರೆ ಎರಡನೇ ಹಂತ, ಅಂದರೆ ಗಾಳಿ ತೊಟ್ಟಿ ಮತ್ತು ಕ್ಲಾರಿಫೈಯರ್, ಎಡವಿದ ದಿನ ಮೂರನೇ ಹಂತದ ಫಿಲ್ಟರ್‌ಗಳೂ ಕಟ್ಟಿಕೊಳ್ಳುತ್ತವೆ.

ಇನ್ನೊಂದು ಮಾತು ಜೀವದ್ದು. ಮ್ಯಾನ್‌ಹೋಲಿನಲ್ಲಿ, ಪಂಪಿನ ಬಾವಿಯಲ್ಲಿ ಹೈಡ್ರೋಜನ್ ಸಲ್ಫೈಡ್ ಅನಿಲ ಕಟ್ಟಿಕೊಳ್ಳುತ್ತದೆ. ಸ್ವಲ್ಪವಿದ್ದಾಗ ಕೊಳೆತ ಮೊಟ್ಟೆಯ ನಾತ. ದಶಲಕ್ಷಕ್ಕೆ ನೂರು ಪಾಲಿನ ಹೊತ್ತಿಗೆ ಮೂಗೇ ಮರಗಟ್ಟಿ ‘ವಾಸನೆ ಹೋಯ್ತು’ ಅನ್ನಿಸುತ್ತದೆ, ಅಪಾಯ ಇರುವುದು ಆಗಲೇ. ಒಬ್ಬ ಬಿದ್ದ ಕೂಡಲೇ ಎತ್ತಲು ಇಳಿದವನೂ ಬೀಳುತ್ತಾನೆ. ಇಂಥ ಸಾವುಗಳು ಜೋಡಿಯಾಗಿ ವರದಿಯಾಗುವುದು ಇದರಿಂದ. 2013ರ ಕಾಯ್ದೆ ರಕ್ಷಣಾ ಸಾಧನವಿಲ್ಲದೆ ಯಾರನ್ನೂ ಒಳಚರಂಡಿಗೆ ಇಳಿಸುವುದನ್ನು ನಿಷೇಧಿಸಿದೆ. 2023ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಸತ್ತವರ ಕುಟುಂಬಕ್ಕೆ ಕೊಡಬೇಕಾದ ಪರಿಹಾರವನ್ನು 10 ಲಕ್ಷದಿಂದ 30 ಲಕ್ಷ ರೂಪಾಯಿಗೆ ಏರಿಸಿತು. ಚೆನ್ನಾಗಿ ನಡೆಯುವ ಘಟಕದಲ್ಲಿ ಗ್ಯಾಸ್ ಮೀಟರ್ ಇಳಿಬಿಟ್ಟು ನೋಡಿ, ಗಾಳಿ ಆಡಿಸಿ, ಸೊಂಟಕ್ಕೆ ಬೆಲ್ಟ್ ಕಟ್ಟಿ, ಮೇಲೊಬ್ಬನನ್ನು ನಿಲ್ಲಿಸಿ, ಬರವಣಿಗೆಯಲ್ಲಿ ಅನುಮತಿ ಕೊಟ್ಟ ಮೇಲೆಯೇ ಕೆಲಸ. ‘ಎರಡು ನಿಮಿಷದ ಕೆಲಸ ಸಾರ್’ ಎನ್ನುವ ಹೆಲ್ಪರನ ಉತ್ಸಾಹಕ್ಕೆ ತಡೆ ಹಾಕುವುದು ಮೇಲ್ವಿಚಾರಕನ ಪಾಲಿನ ಕಷ್ಟದ ಕೆಲಸ.

ಉಳಿದದ್ದು ಸ್ಲಡ್ಜ್. ನೀರು ತಿಳಿಯಾದಷ್ಟೂ ಇದು ಗುಡ್ಡೆ ಬೀಳುತ್ತದೆ. ಬೇಸಿಗೆಯಲ್ಲಿ ಮರಳಿನ ಹಾಸಿನ ಮೇಲೆ ಹರಡಿದರೆ ಒಣಗುತ್ತದೆ, ಮಳೆಗಾಲದಲ್ಲಿ ಒಣಗುವುದಿಲ್ಲ. ಲಾರಿ ಬರದೆ ಹಾಸು ತುಂಬಿದರೆ ಸ್ಲಡ್ಜ್ ತೊಟ್ಟಿಯಲ್ಲೇ ಉಳಿದು, ಹಳಸಿ, ತಿಳಿನೀರಿನ ಜೊತೆಗೇ ಹೊರಬೀಳುತ್ತದೆ. ಹಾಗಾಗಿ ಘಟಕದ ಉಸ್ತುವಾರಿಗೆ ಮಳೆಗಾಲ ಮೇ ತಿಂಗಳಲ್ಲೇ ಶುರು: ನೀರು ಹಿಂಡುವ ಸೆಂಟ್ರಿಫ್ಯೂಜ್ ಸರ್ವಿಸ್ ಆಗಬೇಕು, ಸ್ಲಡ್ಜಿಗೆ ಬೆರೆಸುವ ಪಾಲಿಮರ್‌ನ ಚೀಲಗಳು ಗೋದಾಮಿಗೆ ಬರಬೇಕು, ಲಾರಿಯವರ ಹಳೆ ಬಾಕಿ ತೀರಬೇಕು, ಜುಲೈ ತಿಂಗಳ ರಜೆ ಅರ್ಜಿಗಳನ್ನು ಯಾರಿಗೂ ಬೇಸರವಾಗದಂತೆ ಹಂಚಿಕೊಡಬೇಕು.