ಹೆಡರ್ ಫೈಲ್ ಇದ್ದರೆ ಬೈಂಡಿಂಗ್ ಸಿದ್ಧವೇ?

ಸಿ ಭಾಷೆಯಲ್ಲಿ ಬರೆದ ಲೈಬ್ರರಿಯನ್ನು ಪೈಥಾನ್‌ನಂಥ ಬೇರೆ ಭಾಷೆಯಿಂದ ಬಳಸಲು ನಡುವೆ ಒಂದು ಬೈಂಡಿಂಗ್ ಬೇಕು. ಹೆಡರ್ ಫೈಲಿನಲ್ಲಿರುವ ಫಂಕ್ಷನ್‌ಗಳ ಹೆಸರು, ಟೈಪುಗಳನ್ನು ಇತ್ತ ಇಳಿಸಿಕೊಂಡರೆ ಅದು ಸಿದ್ಧವಾಯಿತು ಎಂಬ ನಂಬಿಕೆ ಪ್ರೋಗ್ರಾಮರ್‌ಗಳಲ್ಲಿ ಗಟ್ಟಿಯಾಗಿ ಕೂತಿದೆ. ಅದಕ್ಕೆ ಕಾರಣವೂ ಇದೆ. ಡೇವಿಡ್ ಬೀಜ್ಲಿ 1996ರಲ್ಲಿ ಬಿಡುಗಡೆ ಮಾಡಿದ ಸ್ವಿಗ್, ಹೆಡರ್ ಓದಿ ಬೈಂಡಿಂಗನ್ನು ತಾನೇ ತಯಾರಿಸಿಕೊಡುತ್ತದೆ. 2006ರಲ್ಲಿ ಪೈಥಾನ್ 2.5ರ ಜೊತೆಗೇ ಬಂದ ಸಿಟೈಪ್ಸ್ ಮಾಡ್ಯೂಲಿನಿಂದ ಸಿ ಫಂಕ್ಷನ್‌ಗಳನ್ನು ಕರೆಯಲು ಕಂಪೈಲರ್ ಕೂಡ ಬೇಡ. ಆದರೆ ಹೆಡರ್ ಹೇಳುವುದು ಫಂಕ್ಷನ್‌ಗೆ ಏನು ಕೊಡಬೇಕು, ಅದರಿಂದ ಏನು ಬರುತ್ತದೆ ಎಂಬುದನ್ನಷ್ಟೇ. ಬಂದದ್ದನ್ನು ಹೇಗೆ ಬಳಸಬೇಕು, ಎಷ್ಟು ಹೊತ್ತು ಇಟ್ಟುಕೊಳ್ಳಬಹುದು ಎಂಬ ಷರತ್ತುಗಳು ಅದರಲ್ಲಿ ಇರುವುದಿಲ್ಲ.

ಫೋನು, ಬ್ರೌಸರುಗಳ ಒಳಗೆಲ್ಲ ಕೂತಿರುವ ಎಸ್‌ಕ್ಯೂಲೈಟ್ ಡೇಟಾಬೇಸನ್ನೇ ನೋಡಿ. ಅದರ ಒಂದು ಫಂಕ್ಷನ್ ಹೊಸ ಪಠ್ಯ ಕಟ್ಟಿ ಕೊಡುತ್ತದೆ. ಕೆಲಸ ಮುಗಿದ ಮೇಲೆ ಆ ಮೆಮೊರಿಯನ್ನು ಪಡೆದವರೇ ಬಿಡುಗಡೆ ಮಾಡಬೇಕು. ದೋಷದ ಸಂದೇಶ ಕೊಡುವ ಫಂಕ್ಷನ್‌ನ ಪಠ್ಯವನ್ನು ಮಾತ್ರ ಮುಟ್ಟಬಾರದು, ಅದು ಡೇಟಾಬೇಸಿನದೇ ಆಸ್ತಿ. ಟೈಪಿನಲ್ಲಿರುವ ಕಾನ್ಸ್ಟ್ ಗುರುತಿನಿಂದ ಈ ವ್ಯತ್ಯಾಸವನ್ನು ಊಹಿಸಬಹುದಲ್ಲ ಎಂದು ಕೇಳಬಹುದು. ಇಲ್ಲಿ ಊಹಿಸಬಹುದು, ನಿಜ. ಆದರೆ ಸಾಲಿನಿಂದ ಪಠ್ಯ ತೆಗೆದುಕೊಡುವ ಮೂರನೆಯ ಫಂಕ್ಷನ್‌ನ ಪಾಯಿಂಟರ್ ಮುಂದಿನ ಸಾಲಿಗೆ ಹೋದೊಡನೆ ಸಿಂಧುವಾಗಿ ಉಳಿಯುವುದಿಲ್ಲ. ಈ ಆಯುಷ್ಯವನ್ನು ಸಿ ಭಾಷೆಯ ಯಾವ ಟೈಪೂ ಹೇಳಲಾರದು. ಕೈಪಿಡಿಯಲ್ಲಿದೆ, ಓದಿದವರಿಗಷ್ಟೇ ಗೊತ್ತು. ಪಠ್ಯದ ಉದ್ದದ ಪ್ರಶ್ನೆ ನಮಗೆ ಇನ್ನೂ ಹತ್ತಿರದ್ದು. ‘ಕನ್ನಡ’ ಎಂಬ ಪದ ಪೈಥಾನ್ ಲೆಕ್ಕದಲ್ಲಿ 5 ಸಂಕೇತ, ಯುಟಿಎಫ್-8ರಲ್ಲಿ 15 ಬೈಟ್. ಉದ್ದವನ್ನು ಬೈಟಿನಲ್ಲಿ ಕೇಳುವ ಫಂಕ್ಷನ್‌ಗೆ ಬೈಂಡಿಂಗ್ 5 ಎಂದು ಕೊಟ್ಟರೆ ‘ಕ’ ಮಾತ್ರ ಉಳಿದು, ಮುಂದಿನ ‘ನ’ ಅರ್ಧಕ್ಕೇ ತುಂಡಾಗುತ್ತದೆ. ಇಂಗ್ಲಿಷ್ ಪಠ್ಯದಲ್ಲಿ ಎರಡೂ ಎಣಿಕೆ ಒಂದೇ ಆದ್ದರಿಂದ ಇಂಗ್ಲಿಷಿನಲ್ಲಷ್ಟೇ ಪರೀಕ್ಷಿಸಿದವರಿಗೆ ಈ ತಪ್ಪು ಕಾಣುವುದೇ ಇಲ್ಲ.

ಬೈಂಡಿಂಗನ್ನು ಬಳಸುವವರಿಗೆ ಸುಲಭ ಮಾಡಲು ಹೋದರೆ ವೇಗ ಹೋಗುತ್ತದೆ ಎಂಬುದು ಇನ್ನೊಂದು ಆಕ್ಷೇಪ. ಭಾಷೆಯ ಗಡಿ ದಾಟುವ ಪ್ರತಿ ಕರೆಗೂ ಬೆಲೆಯಿದೆ ಎಂಬುದು ಸುಳ್ಳಲ್ಲ. ಆದರೆ ಎಷ್ಟು ಸಲ ದಾಟಬೇಕು ಎಂಬುದನ್ನು ನಿರ್ಧರಿಸುವುದೂ ಬೈಂಡಿಂಗಿನ ವಿನ್ಯಾಸವೇ. ಪೈಥಾನ್‌ನ ಅರೇ ಲೈಬ್ರರಿಯಾದ ನಂಪೈನಲ್ಲಿ ಹತ್ತು ಲಕ್ಷ ಸಂಖ್ಯೆಗಳನ್ನು ಒಂದೊಂದಾಗಿ ಪೈಥಾನ್ ಲೂಪಿನಲ್ಲಿ ಕೂಡಿಸಿದರೆ ನಿಧಾನ. ಇಡೀ ಅರೇಯನ್ನು ಒಂದೇ ಕರೆಯಲ್ಲಿ ಒಪ್ಪಿಸಿದರೆ ಕೂಡುವ ಕೆಲಸವೆಲ್ಲ ಸಿ ಕಡೆಯೇ ನಡೆಯುತ್ತದೆ. ಅಲ್ಲಿ ಸುಲಭವಾಗಿ ಓದಿಸಿಕೊಳ್ಳುವ ಸಾಲೇ ವೇಗದ ಸಾಲೂ ಹೌದು.

ಹಾಗೆಂದು ಮನುಷ್ಯ ಕೈಯಾರೆ ಬರೆದದ್ದೆಲ್ಲ ಒಳ್ಳೆಯದು ಎಂದಲ್ಲ. ಪೈಥಾನ್‌ನ ಸ್ವಂತ ಎಸ್‌ಕ್ಯೂಲೈಟ್ ಮಾಡ್ಯೂಲಿನಲ್ಲಿ ಡೇಟಾಬೇಸ್ ಸಂಪರ್ಕವನ್ನು ‘ವಿತ್’ ಜೊತೆ ಬಳಸಿದರೆ ವ್ಯವಹಾರ ಕಮಿಟ್ ಆಗುತ್ತದೆ, ದೋಷ ಬಂದರೆ ರದ್ದಾಗುತ್ತದೆ, ಆದರೆ ಸಂಪರ್ಕ ಮುಚ್ಚುವುದಿಲ್ಲ. ‘ವಿತ್’ ಬಳಸಿ ತೆರೆದ ಫೈಲು ಮುಚ್ಚಿಕೊಳ್ಳುವುದನ್ನು ನೋಡಿದವರು ಇದೂ ಮುಚ್ಚೀತೆಂದು ನಂಬುವುದು ಸಹಜ. ಬಳಸುವವರ ನಿರೀಕ್ಷೆಗೆ ಎದುರಾದ ಇಂಥ ನಿರ್ಧಾರವನ್ನು ಯಾವ ಉಪಕರಣವೂ ತಾನಾಗಿ ತಿದ್ದಲಾರದು. ಆದ್ದರಿಂದ ಸ್ವಿಗ್ ಕೊಟ್ಟ ಕೋಡನ್ನು ಮೊದಲ ಕರಡೆಂದು ಮಾತ್ರ ತೆಗೆದುಕೊಳ್ಳಿ. ಮೂಲ ಲೈಬ್ರರಿಯ ಕೈಪಿಡಿ ತೆರೆದು, ಪ್ರತಿ ಪಾಯಿಂಟರಿನ ಒಡೆಯ ಯಾರು, ಅದರ ಆಯುಷ್ಯ ಎಷ್ಟು ಎಂದು ಬರೆದಿಟ್ಟುಕೊಳ್ಳಿ. ಕನ್ನಡ ಪಠ್ಯವನ್ನೇ ಕೊಟ್ಟು ಪರೀಕ್ಷಿಸಿ.