ವಾಚನಾಲಯದಲ್ಲಿ ಮಕ್ಕಳ ಬೀಜ ಪರೀಕ್ಷೆ

2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಿಂದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೆ ಮಕ್ಕಳು ಬರುತ್ತಿದ್ದಾರೆ. ಅವರು ಅಲ್ಲಿ ಕೈಯಾರೆ ವಿಜ್ಞಾನವನ್ನೂ ಕಲಿಯಲಿ. ಬಿತ್ತನೆಗೆ ಎರಡು ವಾರ ಮೊದಲೇ ನಿಮ್ಮ ಶೇಂಗಾ ಬೀಜ ಕೊಡಿ. ಔಷಧಿ ಲೇಪಿಸಿದ್ದು ಬೇಡ. ದಪ್ಪ ಕಾಳನ್ನೇ ಆರಿಸದೆ, ಚೀಲದ ಮೇಲೆ, ನಡುವೆ, ತಳದಿಂದ ತೆಗೆದು ಬೆರೆಸಿದ 100 ಕಾಳು ಸಾಕು. ತೊಳೆದ ಗೋಣಿತಟ್ಟನ್ನು ನೆನೆಸಿ, ಹಿಂಡಿ, ಕಾಳು ಜೋಡಿಸಿ, ಸುರುಳಿ ಸುತ್ತಿ ನೆರಳಿನಲ್ಲಿಡಬೇಕು. ದಿನವೂ ನೀರು ಚಿಮುಕಿಸಿದರಾಯಿತು. ಹೆಚ್ಚಾದರೆ ಗಾಳಿಯಾಡದೆ ಕೊಳೆಯುತ್ತದೆ. ಹತ್ತನೆಯ ದಿನ ಬಿಚ್ಚಿ, ಬೇರು, ಕುಡಿ ಎರಡೂ ಸರಿಯಾಗಿರುವ ಸಸಿಗಳನ್ನಷ್ಟೇ ಮಕ್ಕಳು ಎಣಿಸಲಿ. ಪ್ರಮಾಣಿತ ಶೇಂಗಾ ಬೀಜದಲ್ಲಿ ಕನಿಷ್ಠ 70 ಮೊಳೆಯಬೇಕು. ಐವತ್ತೇ ಬಂದರೆ ಬೀಜ ಬದಲಿಸಲು ಇನ್ನೂ ನಾಲ್ಕು ದಿನ ಇರುತ್ತದೆ. ಎಣಿಕೆಯನ್ನು ಕಪ್ಪು ಹಲಗೆಯ ಮೇಲೆ ಬರೆಯಲಿ. ಯಾರ ಮನೆಯ ಬೀಜವೆಂದು ಮಾತ್ರ ಬೇಡ.