ರದ್ದು ಮಾಡಿದ ಮೇಲೂ ಹಣ ಹೋಗುವುದೇಕೆ?



"ಸದಸ್ಯತ್ವ ಬೇಡವೆಂದು ಬಿಟ್ಟ ಮೇಲೂ ನನ್ನ ಖಾತೆಯಿಂದ ಹಣ ಕಡಿತವಾಗಿದೆ, ಇದು ನ್ಯಾಯವೇ?" ನಮ್ಮ ಸಂವಾದ ಕಾರ್ಯಕ್ರಮಕ್ಕೆ ಬರುವ ಪತ್ರಗಳಲ್ಲಿ ಈ ಪ್ರಶ್ನೆ ಮತ್ತೆ ಮತ್ತೆ ಕಾಣಿಸುತ್ತದೆ. ಅರ್ಧ ಗಂಟೆಯ ಕಾರ್ಯಕ್ರಮದಲ್ಲಿ ಇದಕ್ಕೆ ಸಿಗುವುದು ಒಂದೆರಡು ನಿಮಿಷ ಮಾತ್ರ. ಆದ್ದರಿಂದ ಇಲ್ಲಿ ಸ್ವಲ್ಪ ವಿವರವಾಗಿ ನೋಡೋಣ.

ಇದು ನಮ್ಮ ಮನೆಯಲ್ಲಿಯೂ ನಡೆದ ಸಂಗತಿ. ಹಾಸ್ಟೆಲಿನಲ್ಲಿದ್ದು ಬಿ.ಎಸ್ಸಿ. ಓದುತ್ತಿರುವ ನನ್ನ ಮಗಳು ಪರೀಕ್ಷಾ ತಯಾರಿಯ ಒಂದು ಆ್ಯಪ್‌ಗೆ ಸೇರಿದ್ದಳು. ಮೊದಲ ಏಳು ದಿನ ಉಚಿತ, ಆಮೇಲೆ ತಿಂಗಳಿಗೆ 499 ರೂಪಾಯಿ. ಐದನೆಯ ದಿನವೇ ಬೇಸರವಾಗಿ ಆ್ಯಪನ್ನು ಫೋನಿನಿಂದ ಅಳಿಸಿಹಾಕಿದಳು. ಎಂಟನೆಯ ದಿನ 499 ರೂಪಾಯಿ ಹೋಯಿತು. ಮೆಸ್ ಬಿಲ್ಲಿಗೆಂದು ನಾನು ಕಳಿಸಿದ್ದ ಹಣ ಅದು. "ಅಪ್ಪಾ, ನಾನು ತೆಗೆದುಹಾಕಿದ್ದೆನಲ್ಲ!" ಎಂದು ಫೋನಿನಲ್ಲಿ ಅಳುವುದೊಂದೇ ಬಾಕಿ.

ಅವಳು ತೆಗೆದುಹಾಕಿದ್ದೇನು? ಒಂದು ಉದಾಹರಣೆಯಿಂದ ನೋಡಿ. ದಿನಾ ಒಂದು ಲೀಟರ್ ಹಾಲು ಹಾಕುವಂತೆ ಹಾಲಿನವನಿಗೆ ಹೇಳಿದ್ದೀರಿ. ಅವನು ತಿಂಗಳಿಗೊಮ್ಮೆ ಬಂದರೆ ಹಣ ಕೊಟ್ಟುಬಿಡುವಂತೆ ಪಕ್ಕದ ಮನೆಯವರಿಗೂ ಹೇಳಿ, ದುಡ್ಡು ಕೊಟ್ಟಿಟ್ಟಿದ್ದೀರಿ. ಇಲ್ಲಿರುವುದು ಎರಡು ಮಾತು: ಒಂದು ಹಾಲಿನವನ ಜೊತೆ, ಇನ್ನೊಂದು ಪಕ್ಕದ ಮನೆಯವರ ಜೊತೆ. ಹಾಲಿನ ಪಾತ್ರೆಯನ್ನು ಒಳಗಿಟ್ಟು ಬಾಗಿಲು ಹಾಕಿಕೊಂಡರೆ ಈ ಎರಡರಲ್ಲಿ ಒಂದೂ ರದ್ದಾಗುವುದಿಲ್ಲ. ಆ್ಯಪ್ ಅಳಿಸುವುದೆಂದರೆ ಪಾತ್ರೆಯನ್ನು ಒಳಗಿಟ್ಟಷ್ಟೇ.

ಕಂಪನಿಯೊಡನೆ ಇರುವುದು ಸದಸ್ಯತ್ವದ ಒಪ್ಪಂದ. ಬ್ಯಾಂಕಿಗೆ ನೀವು ಕೊಟ್ಟಿರುವುದು, ಕಂಪನಿ ಕೇಳಿದಾಗ ಹಣ ಕೊಡಬಹುದೆಂಬ ಮುಂಗಡ ಅನುಮತಿ. ಇದಕ್ಕೆ ಮ್ಯಾಂಡೇಟ್ ಎನ್ನುತ್ತಾರೆ. ಯುಪಿಐನಲ್ಲಿ 2020ರಿಂದ ಇರುವ 'ಆಟೋಪೇ' ಈ ಬಗೆಯದೇ. "ಉಚಿತ" ಎಂಬ ಅಕ್ಷರಗಳನ್ನು ನೋಡುತ್ತಾ ನೀವು ಪಿನ್ ಒತ್ತುವಿರಲ್ಲ, ಆ ಕ್ಷಣದಲ್ಲೇ ಅನುಮತಿ ಕೊಟ್ಟಾಯಿತು. ಆಗ ಪರದೆಯ ಮೇಲೆ ಗರಿಷ್ಠ ಮೊತ್ತ, ಎಷ್ಟು ದಿನಕ್ಕೊಮ್ಮೆ ಕಡಿತ, ಯಾವ ದಿನಾಂಕದವರೆಗೆ ಎಂಬ ವಿವರ ಇರುತ್ತದೆ. ಶುಲ್ಕ 499 ಇದ್ದರೂ ಗರಿಷ್ಠ ಮೊತ್ತ ಅದಕ್ಕಿಂತ ಹೆಚ್ಚಿರಬಹುದು. ಪಿನ್ ಒತ್ತುವ ಮೊದಲು ಓದಬೇಕಾದದ್ದು ಇದನ್ನೇ.

ಇನ್ನು ಸಮಯದ ವಿಚಾರ. ನಮ್ಮ ವೃತ್ತಿಯಲ್ಲಿ ಟೇಪು ಪ್ರಸಾರ ವಿಭಾಗಕ್ಕೆ ಹೋದ ಮೇಲೆ ತಪ್ಪು ಕಂಡರೆ ಓಡಿಹೋಗಿ ನಿಲ್ಲಿಸಬೇಕಾಗುತ್ತಿತ್ತು. ಕೆಲವೊಮ್ಮೆ ಕಾಲ ಮೀರಿರುತ್ತಿತ್ತು. ಇಲ್ಲೂ ಹಾಗೆಯೇ. ಸದಸ್ಯತ್ವದ ಶುಲ್ಕವನ್ನು ಸಾಮಾನ್ಯವಾಗಿ ಮುಂದಿನ ತಿಂಗಳಿಗೆ ಮುಂಗಡವಾಗಿ ತೆಗೆದುಕೊಳ್ಳುತ್ತಾರೆ. ಕಡಿತದ ದಿನ ಕಳೆದ ಮೇಲೆ ರದ್ದು ಮಾಡಿದರೆ, ನಿಲ್ಲುವುದು ಅದರ ಮುಂದಿನ ಕಂತು ಮಾತ್ರ. ರಿಸರ್ವ್ ಬ್ಯಾಂಕಿನ ನಿಯಮದಂತೆ, ಇಂತಹ ಕಡಿತಕ್ಕೆ ಕನಿಷ್ಠ 24 ಗಂಟೆ ಮೊದಲು ಬ್ಯಾಂಕು ನಿಮಗೆ ಸೂಚನೆ ಕಳಿಸಬೇಕು. ಯಾರಿಗೆ, ಎಷ್ಟು, ಯಾವಾಗ ಎಂಬುದು ಅದರಲ್ಲಿರಬೇಕು. ಆ ಒಂದು ಕಂತನ್ನಾಗಲೀ ಇಡೀ ಮ್ಯಾಂಡೇಟನ್ನಾಗಲೀ ಬೇಡವೆನ್ನುವ ಅವಕಾಶವೂ ನಿಮಗಿರಬೇಕು. (ಫಾಸ್ಟ್ಯಾಗ್ ಮರುಪೂರಣದಂತಹ ಕೆಲವಕ್ಕೆ 2024ರಲ್ಲಿ ಈ ಸೂಚನೆಯಿಂದ ವಿನಾಯಿತಿ ಕೊಡಲಾಯಿತು.) 15,000 ರೂಪಾಯಿಯವರೆಗಿನ ಕಡಿತಕ್ಕೆ ಪ್ರತಿ ಸಲ ಒಟಿಪಿ ಬೇಕಿಲ್ಲವೆಂದು 2022ರಲ್ಲಿ ನಿಯಮ ಸಡಿಲವಾಯಿತು. ಆದ್ದರಿಂದ ಆ ಒಂದು ಸಂದೇಶವೇ ನಿಮ್ಮ ಕಾವಲುಗಾರ. ನನ್ನ ಮಗಳಿಗೂ ಅದು ಬಂದಿತ್ತು. ಜಾಹೀರಾತಿನ ಸಂದೇಶಗಳ ನಡುವೆ, ಓದದೆ ಬಿದ್ದಿತ್ತು.

ಹಾಗಾಗಿ ಆ ಮೊದಲ 499ರ ಬಗ್ಗೆ ನಾನು ಯಾರನ್ನೂ ದೂರಲಿಲ್ಲ. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಅವಳು ಕಂಪನಿಗೆ ಬರೆದು, "ನಿಮ್ಮ ಸದಸ್ಯತ್ವ ರದ್ದಾಗಿದೆ" ಎಂಬ ಉತ್ತರವನ್ನೂ ಪಡೆದಳು. ಮರುತಿಂಗಳು ಮತ್ತೆ 499 ಹೋಯಿತು! ಹಾಲಿನವನ ಲೆಕ್ಕದಲ್ಲಿ ಹೆಸರು ಹೊಡೆದುಹಾಕಿದ್ದರು, ಆದರೆ ಅವನ ಹುಡುಗ ಪಕ್ಕದ ಮನೆಗೆ ಹೋಗಿ ಹಣ ಕೇಳಿದ, ಅವರು ಕೊಟ್ಟರು. ಈ ಕಡಿತ ತಪ್ಪು, ಹಿಂದಿರುಗಿಸಲೇಬೇಕಾದ ಹಣ. ಎರಡು ಕಡಿತಗಳೂ ನೋಡಲು ಒಂದೇ ತರಹ ಇದ್ದವು; ಬೇರೆ ಮಾಡಿದ್ದು ರದ್ದತಿಯ ಆ ಪತ್ರ ಮತ್ತು ಅದರ ಮೇಲಿನ ದಿನಾಂಕ.

ನಿಮಗೂ ಹೀಗಾದರೆ ಮೊದಲು ರದ್ದತಿಯ ದಿನಾಂಕವನ್ನೂ ಕಡಿತದ ದಿನಾಂಕವನ್ನೂ ಅಕ್ಕಪಕ್ಕ ಬರೆದುಕೊಳ್ಳಿ. ಯುಪಿಐ ಆ್ಯಪಿನಲ್ಲಿ ಆಟೋಪೇ ಪಟ್ಟಿ ತೆರೆದು ಆ ಮ್ಯಾಂಡೇಟನ್ನು ರದ್ದು ಮಾಡಿ. ಕಾರ್ಡ್ ಆಗಿದ್ದರೆ ಬ್ಯಾಂಕಿನ ಮೂಲಕ ಮಾಡಿಸಿ. ಆಮೇಲೆ ಕಂಪನಿಗೆ ಬರೆಯಿರಿ. ಅಲ್ಲಿ ಕೆಲಸವಾಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಸೂಚನೆಯನ್ನೇ ಕಳಿಸದೆ ಕಡಿತ ಮಾಡಿದ್ದರೆ, ಅಥವಾ ನೀವು ಮ್ಯಾಂಡೇಟ್ ರದ್ದು ಮಾಡಿದ ಮೇಲೂ ಹಣ ಕೊಟ್ಟಿದ್ದರೆ ದೂರು ಬ್ಯಾಂಕಿನ ಮೇಲೆ. ಬ್ಯಾಂಕು 30 ದಿನಗಳಲ್ಲಿ ಉತ್ತರಿಸದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಬಳಿ ಶುಲ್ಕವಿಲ್ಲದೆ ದೂರು ಕೊಡಬಹುದು.

ಸೇರಲು ಒಂದೇ ಗುಂಡಿ, ಬಿಡಲು ಹತ್ತು ಪುಟ ತಡಕಾಡಬೇಕು. ಇದು ನಿಮ್ಮ ಪೆದ್ದುತನವೆಂದು ತಿಳಿಯಬೇಡಿ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರಿನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ 13 ಬಗೆಯ ವಂಚಕ ವಿನ್ಯಾಸಗಳನ್ನು ಹೆಸರಿಸಿ ನಿಷೇಧಿಸಿದೆ. ರದ್ದತಿಯನ್ನು ಬೇಕೆಂದೇ ಜಟಿಲಗೊಳಿಸುವ 'ಚಂದಾ ಬಲೆ' ಅವುಗಳಲ್ಲಿ ಒಂದು. ದೂರಿನಲ್ಲಿ ಇದನ್ನು ಧಾರಾಳವಾಗಿ ಉಲ್ಲೇಖಿಸಿ.

ಒಂದು ಎಚ್ಚರಿಕೆ ಮಾತ್ರ ಹೇಳಬೇಕು. ಮ್ಯಾಂಡೇಟ್ ರದ್ದು ಮಾಡಿದರೆ ಹಣ ಹೋಗುವ ದಾರಿ ಮುಚ್ಚುತ್ತದೆ, ಬಾಕಿ ತೀರುವುದಿಲ್ಲ. ಜಿಮ್ಮಿಗೆ ಒಂದು ವರ್ಷದ ಒಪ್ಪಂದ ಮಾಡಿಕೊಂಡು ತಿಂಗಳ ಕಂತಿನಲ್ಲಿ ಕಟ್ಟುತ್ತಿದ್ದರೆ, ಒಪ್ಪಂದದ ಷರತ್ತಿನ ಪ್ರಕಾರ ಉಳಿದ ಹಣವನ್ನು ಅವರು ಕೇಳಬಹುದು.

ನನ್ನ ಮಗಳಿಗೆ ಎರಡನೆಯ 499 ರೂಪಾಯಿ ವಾಪಸು ಬಂತು. ಅವಳು ಆಟೋಪೇ ಪಟ್ಟಿ ತೆರೆದ ದಿನ ಅದರಲ್ಲಿ ಮರೆತುಹೋಗಿದ್ದ ಇನ್ನೂ ಎರಡು ಮ್ಯಾಂಡೇಟ್‌ಗಳು ಜೀವಂತವಾಗಿದ್ದವು. ಅವಳನ್ನು ಗದರಿಸುವ ಮೊದಲು ನನ್ನ ಫೋನನ್ನೂ ನೋಡಿಕೊಂಡೆ. ಅಲ್ಲಿ ಮೂರು ಇದ್ದವು.